ಎಡ್ವಿನ್ ಡ್ರೇಕ್

ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳಲ್ಲಿ ಕೊಳವೆಬಾವಿ ಕೊರೆಯುವುದನ್ನು ಕಂಡವರಿಗೆ ಕೇಸಿಂಗ್ ಪೈಪು ಹೊಸದಲ್ಲ. ಎರೆಮಣ್ಣು, ಗರಸು ದಾಟಿ ಗಟ್ಟಿಕಲ್ಲು ಮುಟ್ಟುವವರೆಗೆ ಈ ಕೊಳವೆಯನ್ನು ಇಳಿಸದಿದ್ದರೆ ಸಡಿಲ ಮಣ್ಣು ಕುಸಿದು ಬಾವಿ ಮುಚ್ಚಿಹೋಗುತ್ತದೆ. ಇದೇ ತೊಡಕು 1859ರಲ್ಲಿ ಅಮೆರಿಕದ ಟೈಟಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಎಡ್ವಿನ್ ಡ್ರೇಕನಿಗೆ ಎದುರಾಯಿತು. ಅವನು ಅರಸುತ್ತಿದ್ದುದು ನೀರನ್ನಲ್ಲ, ಎಣ್ಣೆಯನ್ನು.

ಡ್ರೇಕ್ 1819ರಲ್ಲಿ ನ್ಯೂಯಾರ್ಕ್ ಪ್ರಾಂತದ ಗ್ರೀನ್‌ವಿಲ್‌ನಲ್ಲಿ ಜನಿಸಿದನು. ಹಲವು ಉದ್ಯೋಗಗಳನ್ನು ಹಿಡಿದು ಬಿಟ್ಟು ರೈಲ್ವೆ ಕಂಡಕ್ಟರನಾದನು. ಅನಾರೋಗ್ಯದಿಂದ ಅದನ್ನೂ ಬಿಡಬೇಕಾಯಿತು. ಆ ಕಾಲದಲ್ಲಿ ದೀಪಕ್ಕೆ ಬಳಸುತ್ತಿದ್ದ ತಿಮಿಂಗಿಲದ ಎಣ್ಣೆ ಬಲು ದುಬಾರಿ. ಟೈಟಸ್‌ವಿಲ್ಲಿನ ಹಳ್ಳದ ದಡದಲ್ಲಿಯಾದರೋ ನೆಲದೊಳಗಿನಿಂದಲೇ ಎಣ್ಣೆ ಒಸರುತ್ತಿತ್ತು. ಅದನ್ನು ತೆಗೆಯಲು ಸೆನೆಕಾ ಎಂಬ ಕಂಪನಿಯು ಡ್ರೇಕನನ್ನು ನೇಮಿಸಿತು. ಭೂಗರ್ಭಶಾಸ್ತ್ರವನ್ನಾಗಲಿ ಯಂತ್ರವಿದ್ಯೆಯನ್ನಾಗಲಿ ಅವನು ಕಲಿತವನಲ್ಲ. ಅವನ ಬಳಿ ರೈಲಿನ ಉಚಿತ ಪಾಸು ಇದ್ದುದೇ ಆಯ್ಕೆಗೆ ಒಂದು ಕಾರಣವಾಯಿತೆಂದರೆ ನಗು ಬಾರದಿರದು! ಊರವರು ಮರ್ಯಾದೆ ಕೊಡಲೆಂದು ಕಂಪನಿಯವರು ಪತ್ರಗಳ ಮೇಲೆ ಅವನ ಹೆಸರಿಗೆ ಕರ್ನಲ್ ಎಂಬ ಪದವಿಯನ್ನೂ ಅಂಟಿಸಿದರು. ಸೈನ್ಯಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ.

ಉಪ್ಪುನೀರಿನ ಬಾವಿಗಳಿಗೆ ಉಪಕರಣ ಮಾಡಿ ಪಳಗಿದ ಕಮ್ಮಾರ ವಿಲಿಯಂ ಸ್ಮಿತ್ ಡ್ರೇಕನ ಜೊತೆಗೂಡಿದನು. ಉಗಿಯಂತ್ರದ ಬಲದಿಂದ ಭಾರವಾದ ಕಬ್ಬಿಣದ ಉಳಿಯನ್ನು ಎತ್ತೆತ್ತಿ ಕೆಡವಿ ಕೊರೆಯುವುದು ಅವರ ಕ್ರಮ. ಆದರೆ ಮರಳೂ ನೀರೂ ನುಗ್ಗಿ ತೋಡಿದ್ದೆಲ್ಲ ಮತ್ತೆ ಮತ್ತೆ ಕುಸಿಯಿತು. ಆಗ ಡ್ರೇಕ್ ಬೀಡುಕಬ್ಬಿಣದ ಕೊಳವೆಯನ್ನು 32 ಅಡಿ ಆಳದ ಬಂಡೆಯವರೆಗೆ ಬಡಿದಿಳಿಸಿ, ಅದರೊಳಗಿನಿಂದ ಉಳಿಯನ್ನು ಬಿಟ್ಟನು. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು ಮೂರು ಅಡಿಯಂತೆ ಕೆಲಸ ಸಾಗಿತು. ಜನ ನಕ್ಕರು. ಕಂಪನಿಯ ಹಣ ನಿಂತಿತು. ಡ್ರೇಕ್ ಸಾಲ ಮಾಡಿ ಕೆಲಸ ನಡೆಸಿದನು. ಇತ್ತ ಕೆಲಸ ನಿಲ್ಲಿಸಬೇಕೆಂಬ ಪತ್ರವೂ ಹೊರಟಿತ್ತು. ಅದು ಕೈಸೇರುವಷ್ಟರಲ್ಲಿ ಆಗಸ್ಟ್ 27 ಬಂದಿತು. ಅಂದು ಸಂಜೆ ಉಳಿ ಅರವತ್ತೊಂಬತ್ತೂವರೆ ಅಡಿಯಲ್ಲಿ ಬಿರುಕೊಂದಕ್ಕೆ ಜಾರಿತು. ಮರುದಿನ ಭಾನುವಾರ ಸ್ಮಿತ್ ಕೊಳವೆಯೊಳಗೆ ಇಣುಕಿ ನೋಡಿದಾಗ ಎಣ್ಣೆ ಮೇಲೇರಿ ನಿಂತಿತ್ತು! ಸಿಕ್ಕ ಪೀಪಾಯಿಗಳಲ್ಲೆಲ್ಲ ಅದನ್ನು ತುಂಬಿಸಿದರು.

ಸುತ್ತಮುತ್ತ ಅನೇಕರು ಬಾವಿ ಕೊರೆದು ಧನಿಕರಾದರು. ಕೆಲವೇ ವರ್ಷಗಳಲ್ಲಿ ಚಿಮಣಿ ಎಣ್ಣೆ ಮನೆಮನೆಯ ದೀಪಕ್ಕೆ ಬಂದಿತು. ಡ್ರೇಕನೋ ತನ್ನ ಕೊಳವೆಯ ಉಪಾಯಕ್ಕೆ ಪೇಟೆಂಟ್ ಪಡೆಯಲಿಲ್ಲ. ಇದ್ದ ಹಣವನ್ನೂ ಎಣ್ಣೆ ಷೇರುಗಳ ವ್ಯವಹಾರದಲ್ಲಿ ಕಳೆದುಕೊಂಡನು. ಕಾಯಿಲೆ, ಬಡತನಗಳಲ್ಲಿ ನರಳುತ್ತಿದ್ದ ಅವನಿಗೆ 1873ರಲ್ಲಿ ಪೆನ್ಸಿಲ್ವೇನಿಯದ ಶಾಸನಸಭೆಯು ವರ್ಷಕ್ಕೆ 1500 ಡಾಲರುಗಳ ವೇತನವನ್ನು ಗೊತ್ತುಪಡಿಸಿತು. 1880ರಲ್ಲಿ ಅವನು ತೀರಿಕೊಂಡನು.

ಬೆತ್ಲೆಹೆಮ್ ಊರಿನಲ್ಲಿ ಹೂಳಿದ್ದ ಅವನ ಅವಶೇಷಗಳನ್ನು 1902ರಲ್ಲಿ ಟೈಟಸ್‌ವಿಲ್ಲಿಗೆ ತಂದರು. ಬಾವಿಯಿದ್ದ ಜಾಗದಲ್ಲಿ ಇಂದು ವಸ್ತುಸಂಗ್ರಹಾಲಯವಿದೆ. ಅಂದಿನ ಮರದ ಗೋಪುರ ಮತ್ತು ಯಂತ್ರದ ಮನೆಯನ್ನು ಹೋಲುವ ಕಟ್ಟಡವನ್ನು 1945ರಲ್ಲಿ ಅಲ್ಲಿ ನಿಲ್ಲಿಸಿದ್ದಾರೆ. ಹಳೆಯ ಕಾಲದ ಕೊರೆಯುವ ಉಪಕರಣಗಳನ್ನು ಜನ ಬಂದು ನೋಡಿ ಹೋಗುತ್ತಾರೆ.