ಕತ್ತಿ ಹಿಡಿದ ಶ್ರಾವಕ: ಆದಿಕವಿ ಪಂಪನ ಇನ್ನೊಂದು ಮುಖ

ಪಂಪನ ಹೆಸರು ಕೇಳದ ಜೈನ ಮನೆ ನಮ್ಮಲ್ಲಿ ಇರಲಿಕ್ಕಿಲ್ಲ. ಕನ್ನಡದ ಆದಿಕವಿ, ಆದಿಪುರಾಣ ಬರೆದವನು ಎಂದು ಮಕ್ಕಳೂ ಹೇಳುತ್ತಾರೆ. ಆದರೆ ಅವನು ಅರಿಕೇಸರಿ ರಾಜನ ಕಡೆ ಸೇವೆ ಮಾಡಿದ ಯೋಧ, ಹೊರಗಿನ ನಾಡಿನಿಂದ ಬಂದ ಮನೆತನದವನು ಎಂಬ ಮಾತು ಪಾಠದಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಈ ಲೇಖನ ಆ ಒಂದು ಸಾಲಿನ ಬಗ್ಗೆ.

ಪಂಪನ ಹಿರಿಯರು ವೆಂಗಿ ನಾಡಿನವರು. ಅದು ಈಗಿನ ಆಂಧ್ರದ ಕೃಷ್ಣಾ ಗೋದಾವರಿ ನದಿಗಳ ಸೀಮೆ. ಅಲ್ಲಿನ ವೆಂಗಿಪಳು ಎಂಬ ಊರಲ್ಲಿ ಶ್ರೀವತ್ಸ ಗೋತ್ರದ ಮಾಧವ ಸೋಮಯಾಜಿ ಎಂಬ ವೈದಿಕ ಬ್ರಾಹ್ಮಣರಿದ್ದರು. ಯಜ್ಞ ಯಾಗ ಮಾಡಿ ಹೆಸರು ಪಡೆದ ಮನೆ ಅದು. ಅವರ ನಂತರ ಅಭಿಮಾನಚಂದ್ರ, ಆಮೇಲೆ ಕೊಮರಯ್ಯ, ಅವರ ಮಗ ಅಭಿರಾಮದೇವರಾಯ. ಭೀಮಪ್ಪಯ್ಯ ಎಂದೂ ಕರೆಯುವ ಈ ಅಭಿರಾಮದೇವರಾಯರು ವಿಚಾರ ಮಾಡಿ ಜಿನಧರ್ಮ ಸ್ವೀಕರಿಸಿದರು. ಅವರ ಹೆಂಡತಿ ಅಬ್ಬಣಬ್ಬೆ ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಇವರ ಮಕ್ಕಳೇ ಪಂಪ ಮತ್ತು ಜಿನವಲ್ಲಭ. ಪಂಪ ಹುಟ್ಟಿದ್ದು 902ರಲ್ಲಿ. ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಹೋಗುವಾಗ ಅಣ್ಣಿಗೇರಿ ನಿಲ್ದಾಣ ಬರುತ್ತದೆ. ಅದು ಆದಿಕವಿಯ ತಾಯಿಯ ತವರು ಎಂಬುದು ಎಷ್ಟು ಜನರಿಗೆ ನೆನಪಾಗುತ್ತದೋ.

ತಂದೆ ಕಡೆಯಿಂದ ತೆಲುಗು ನಾಡು, ತಾಯಿ ಕಡೆಯಿಂದ ಕನ್ನಡ ನಾಡು, ಹೊಟ್ಟೆಪಾಡು ಇವೆರಡೂ ಅಲ್ಲದ ಮೂರನೇ ಕಡೆ. ಈಗಿನ ತೆಲಂಗಾಣದ ವೇಮುಲವಾಡದಲ್ಲಿ ಚಾಲುಕ್ಯ ವಂಶದ ಇಮ್ಮಡಿ ಅರಿಕೇಸರಿ ಆಳುತ್ತಿದ್ದ. ಅವನು ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತ. ಪಂಪ ಅಲ್ಲಿ ಕವಿಯೂ ಆದ, ಕಲಿಯೂ ಆದ.

ಆ ವರ್ಷಗಳು ಸುಮ್ಮನೆ ಕೂತು ಸಂಬಳ ತಿನ್ನುವ ವರ್ಷಗಳಲ್ಲ. ರಾಷ್ಟ್ರಕೂಟ ಸಿಂಹಾಸನದ ಮೇಲೆ ನಾಲ್ವಡಿ ಗೋವಿಂದನಿದ್ದ. ಪಂಪ ಅವನನ್ನು ಗೊಜ್ಜಿಗ ಎಂದು ಕರೆಯುತ್ತಾನೆ. ಗೋವಿಂದನ ಸಿಟ್ಟಿಗೆ ಗುರಿಯಾದ ವಿಜಯಾದಿತ್ಯ ಎಂಬ ಚಾಲುಕ್ಯ ಅರಸು ಓಡಿಬಂದು ಅರಿಕೇಸರಿಯ ಆಶ್ರಯ ಕೇಳಿದ. ಒಪ್ಪಿಸು ಎಂದು ಚಕ್ರವರ್ತಿಯ ಒತ್ತಾಯ. ಅರಿಕೇಸರಿ ಒಪ್ಪಿಸಲಿಲ್ಲ. ಸಾಮಂತನೊಬ್ಬ ಚಕ್ರವರ್ತಿಗೆ ಎದುರು ನಿಲ್ಲುವುದೆಂದರೆ ನೆತ್ತಿಯ ಮೇಲೆ ಕತ್ತಿ ತೂಗಿದಂತೆ. ಗೋವಿಂದ ಕಳಿಸಿದ ಮಹಾಸಾಮಂತರ ದಂಡು ಸೋತು ಹೋಯಿತು. ಗೋವಿಂದನ ಆಳ್ವಿಕೆ ಮುಗಿದು, ಸುಮಾರು 935ರ ಹೊತ್ತಿಗೆ ರಾಜ್ಯ ಬದ್ದೆಗದೇವನ, ಎಂದರೆ ಮುಮ್ಮಡಿ ಅಮೋಘವರ್ಷನ ಕೈಗೆ ಬಂತು. ಪಂಪನಿಗೆ ಆಗ ಮೂವತ್ತು ದಾಟಿ ಎರಡು ಮೂರು ವರ್ಷ. ಈ ಸಂಗತಿಗಳನ್ನೆಲ್ಲ ಅವನೇ ತನ್ನ ವಿಕ್ರಮಾರ್ಜುನವಿಜಯದಲ್ಲಿ ದಾಖಲಿಸಿದ್ದಾನೆ. ಶರಣು ಬಂದವರನ್ನು ಬಿಟ್ಟುಕೊಡದ ಒಡೆಯ ಎಂಬ ಹೆಮ್ಮೆ ಅಲ್ಲಿ ಕಾಣುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಹಿಂಸೆಯೇ ಪರಮಧರ್ಮ ಎನ್ನುವ ನಾವು ಸೈನಿಕನಾದ ಶ್ರಾವಕನನ್ನು ಹೇಗೆ ನೋಡಬೇಕು? ಇದು ಹಳೆಯ ಕಾಲದ ಪ್ರಶ್ನೆ ಮಾತ್ರ ಅಲ್ಲ. ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ಹುಡುಗರು ಬೆಳಗಾವಿಗೆ ಸೈನ್ಯ ಭರ್ತಿಗೆ ಹೋಗುತ್ತಾರೆ, ಅದರಲ್ಲಿ ನಮ್ಮ ಹುಡುಗರೂ ಇರುತ್ತಾರೆ. ಮಗ ಪಟ್ಟು ಹಿಡಿದಿದ್ದಾನೆ, ನಮಗೆ ಇದು ಸಲ್ಲುತ್ತದೆಯೇ ಅಣ್ಣಾ ಎಂದು ನನ್ನ ಅಂಗಡಿಯಲ್ಲಿ ಕೂತು ಕೇಳಿದ ತಾಯಂದಿರಿದ್ದಾರೆ. ನಮ್ಮ ಶಾಸ್ತ್ರ ಹಿಂಸೆಯನ್ನು ನಾಲ್ಕು ಬಗೆ ಮಾಡಿ ಹೇಳುತ್ತದೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ, ಮನೆಗೆಲಸದಲ್ಲಿ ಆಗುವ ಆರಂಭಿ, ದುಡಿಮೆಯಲ್ಲಿ ಆಗುವ ಉದ್ಯೋಗಿ, ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧಿ. ಮುನಿಗಳು ನಾಲ್ಕನ್ನೂ ಬಿಟ್ಟವರು. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು, ಉಳಿದವುಗಳನ್ನು ಆದಷ್ಟು ಕಡಿಮೆ ಮಾಡಬೇಕು. ಗಂಗರ ದಂಡನಾಯಕ ಚಾವುಂಡರಾಯ ಈ ಚೌಕಟ್ಟಿನೊಳಗೇ ಬದುಕಿದವನು, ಪಂಪನೂ ಅಷ್ಟೇ.

ಆದರೆ ನನಗೆ ದೊಡ್ಡದೆನಿಸುವುದು ಶಾಸ್ತ್ರದ ಅನುಮತಿಗಿಂತ ಅವನು ಬರೆದದ್ದು. ದೇವೇಂದ್ರ ಮುನಿಗಳ ಶಿಷ್ಯನಾದ ಪಂಪ 941ರಲ್ಲಿ, 39ರ ವಯಸ್ಸಿನಲ್ಲಿ, ಆದಿಪುರಾಣ ಮುಗಿಸಿದ. ಕಥೆ ಜಿನಸೇನಾಚಾರ್ಯರ ಪೂರ್ವಪುರಾಣದ್ದೇ, ನಮಗೆಲ್ಲ ಬಾಯಿಪಾಠ. ಭರತ ಚಕ್ರವರ್ತಿ ದಿಗ್ವಿಜಯ ಮುಗಿಸಿ ಬಂದಾಗ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ, ತಮ್ಮ ಬಾಹುಬಲಿ ತಲೆಬಾಗಿಲ್ಲ ಎಂದು. ಎರಡು ಸೇನೆ ಎದುರುಬದುರಾಗುತ್ತವೆ. ಆಗ ಮಂತ್ರಿಗಳು ನಡುವೆ ಬರುತ್ತಾರೆ. ಅಣ್ಣ ತಮ್ಮ ಇಬ್ಬರೂ ಚರಮದೇಹಿಗಳು, ಅವರಿಗೆ ಏನೂ ಆಗುವುದಿಲ್ಲ, ಸಾಯುವವರು ಸೈನಿಕರು. ಆದ್ದರಿಂದ ಇಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿ ತೀರಿಸಿಕೊಳ್ಳಲಿ ಎಂದು ಒಪ್ಪಿಸುತ್ತಾರೆ. ಬಸದಿಯಲ್ಲಿ ಕೂತು ಕೇಳಿದಾಗ ಇದು ಬಾಹುಬಲಿಯ ವೈರಾಗ್ಯಕ್ಕೆ ಪೀಠಿಕೆ ಅಷ್ಟೇ. ದಂಡಿನ ಸಾಲಿನಲ್ಲಿ ನಿಂತವನ ಕಿವಿಯಿಂದ ಕೇಳಿ ನೋಡಿ. ಸಾವಿರಾರು ಮನೆಗಳ ಗಂಡಸರು ಆ ದಿನ ಜೀವಂತ ಮನೆಗೆ ಹೋದರು. ಗೆದ್ದ ಬಾಹುಬಲಿ ಗೆದ್ದದ್ದನ್ನೇ ಬಿಟ್ಟು ಕಾಡಿಗೆ ನಡೆದ. ಪಂಪ ಇದನ್ನು ಬರೆದ ನಲವತ್ತು ವರ್ಷಕ್ಕೆ, 981ರಲ್ಲಿ, ಶ್ರವಣಬೆಳಗೊಳದ ಬೆಟ್ಟದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ಸೈನಿಕನೇ.

ಆದಿಪುರಾಣಕ್ಕೆ ಮೂರು ತಿಂಗಳು, ವಿಕ್ರಮಾರ್ಜುನವಿಜಯಕ್ಕೆ ಆರು ತಿಂಗಳು ಸಾಕಾಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಎರಡನೆಯದು ಒಡೆಯನ ಋಣಕ್ಕೆ ಬರೆದದ್ದು, ಅಲ್ಲಿ ಅರಿಕೇಸರಿಯೇ ಅರ್ಜುನ. ಆದರೂ ಪಂಪನ ಮನಸ್ಸು ಹೋಗುವುದು ಎದುರು ಪಾಳೆಯದ ಕರ್ಣನ ಕಡೆ. ಉಂಡ ಅನ್ನಕ್ಕೆ ಜೀವ ಕೊಡುವುದಕ್ಕೆ ಆ ಕಾಲದವರು ಜೋಳವಾಳಿ ಎನ್ನುತ್ತಿದ್ದರು. ದಿನವೂ ಜೋಳದ ರೊಟ್ಟಿ ತಿನ್ನುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕುಂತಿಯ ಮಗನೆಂದು ಗೊತ್ತಾದ ಮೇಲೂ ಕರ್ಣ ದುರ್ಯೋಧನನನ್ನು ಬಿಡಲಿಲ್ಲ. ಭೀಷ್ಮನಿಗೆ ಸೇನಾಪತಿ ಪಟ್ಟ ಕಟ್ಟುವಾಗ ಮುದುಕನೆಂದು ಹಂಗಿಸಿದ ಅದೇ ಕರ್ಣ, ಆ ಮುದುಕ ಶರಶಯ್ಯೆಯಲ್ಲಿ ಮಲಗಿದಾಗ ಹೋಗಿ ಕಾಲಿಗೆ ಬೀಳುತ್ತಾನೆ. ದಂಡಿನಲ್ಲಿ ಹಿರಿಯರ ಜೊತೆ ಇದ್ದವನು ಬರೆದ ಮಾತು ಇದು ಎಂದು ನನಗೆ ಯಾವಾಗಲೂ ಅನಿಸಿದೆ.

ಅರಿಕೇಸರಿ ಮೆಚ್ಚಿ ಧರ್ಮವುರ ಎಂಬ ಅಗ್ರಹಾರವನ್ನೇ ಕೊಟ್ಟ. ಈಗಿನ ಸೈನಿಕರಿಗೆ ಪಿಂಚಣಿ ಇದ್ದಂತೆ ಎನ್ನಬಹುದು, ಮೊತ್ತ ಮಾತ್ರ ಬಹಳ ದೊಡ್ಡದು!

ಪಂಪನ ತಾಯಿಯ ಹೆಸರು, ತಮ್ಮನ ಹೆಸರು ನಮಗೆ ಸಿಕ್ಕಿದ್ದು ಪುಸ್ತಕದಿಂದ ಅಲ್ಲ, ಕಲ್ಲಿನಿಂದ. ಕರೀಂನಗರದಿಂದ ಜಗಿತ್ಯಾಲದ ದಾರಿಯಲ್ಲಿ ಗಂಗಾಧರ ಎಂಬ ಊರಿದೆ. ಅದರ ಹತ್ತಿರ ಕುರಿಕ್ಯಾಲದ ಬೊಮ್ಮಲಗುಟ್ಟ. ಅಲ್ಲಿ ಜಿನವಲ್ಲಭ ಬಂಡೆಯಲ್ಲೇ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕೆತ್ತಿಸಿ, ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಶಾಸನ ಬರೆಸಿದ. ತ್ರಿಭುವನತಿಲಕ ಎಂಬ ಬಸದಿ ಕಟ್ಟಿಸಿದ, ಅಣ್ಣನ ಬಿರುದಾದ ಕವಿತಾಗುಣಾರ್ಣವ ಎಂಬ ಹೆಸರಿನಲ್ಲಿ ಕೆರೆ ಕಟ್ಟಿಸಿದ, ಮದನವಿಲಾಸ ಎಂಬ ತೋಟ ಹಾಕಿಸಿದ. ವೇಮುಲವಾಡದ ಕಡೆ ಹೋಗುವ ಬಾಂಧವರು ಅರ್ಧ ದಿನ ಇಟ್ಟುಕೊಂಡರೆ ಬೆಟ್ಟ ಹತ್ತಿ ದರ್ಶನ ಮಾಡಿ ಇಳಿಯಬಹುದು. ಚಕ್ರೇಶ್ವರಿಯ ಎರಡೂ ಪಕ್ಕ ಜಿನಬಿಂಬಗಳು ಇವತ್ತಿಗೂ ಬಂಡೆಯ ಮೇಲಿವೆ.