ಪ್ಯಾಕಿಂಗ್ ಬೇಡವೆಂದ ಬುಗಾಟಿ

ಬುಗಾಟಿ ಅಂದ್ರೆ ನಮಗೆಲ್ಲ ವೇರಾನ್, ಶಿರಾನ್, ಮೊಬೈಲ್ ವಾಲ್‌ಪೇಪರ್. ಆ ಹೆಸರಿನ ಮನುಷ್ಯ ತೀರಿಕೊಂಡು ಮುಕ್ಕಾಲು ಶತಮಾನ ದಾಟಿದೆ. ಎಟ್ಟೋರೆ ಬುಗಾಟಿಯ ಕಥೆಯನ್ನು ನಾವಿಲ್ಲಿ ಕೊಂಚ ಜಿಡ್ಡಿನ ಕಡೆಯಿಂದ, ಅಂದರೆ ಎಂಜಿನ್ ಆಯಿಲ್ ಲೀಕ್‌ನ ಕಡೆಯಿಂದ ಹೇಳ್ತೀವಿ.

ಹುಟ್ಟಿದ್ದು 1881ರಲ್ಲಿ, ಇಟಲಿಯ ಮಿಲಾನ್‌ನಲ್ಲಿ. ಅಪ್ಪ ಕಾರ್ಲೋ ಹೆಸರಾಂತ ಪೀಠೋಪಕರಣ ವಿನ್ಯಾಸಕ. ತಮ್ಮ ರೆಂಬ್ರಾಂಟ್ ಪ್ರಾಣಿಗಳ ಶಿಲ್ಪಿ. ಕಲಾವಿದರ ಮನೆಯ ಈ ಹುಡುಗನ ಹತ್ತಿರ ನಮ್ಮ ಹಾಗೆ ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಹದಿಹರೆಯದಲ್ಲೇ ಸೈಕಲ್ ಕಾರ್ಖಾನೆಯೊಂದನ್ನು ಸೇರಿ ಕೆಲಸ ಕಲಿತ. 1901ರಲ್ಲಿ ತಾನು ಮಾಡಿದ ಕಾರನ್ನು ಮಿಲಾನ್ ಪ್ರದರ್ಶನದಲ್ಲಿಟ್ಟು ಬಹುಮಾನ ಗೆದ್ದ. ಮರುವರ್ಷ ಡಿ ಡೀಟ್ರಿಶ್ ಕಂಪನಿ ಕರೆದಾಗ ವಯಸ್ಸು ಸಾಲದೆ ಕರಾರಿಗೆ ಅಪ್ಪನೇ ಸಹಿ ಹಾಕಬೇಕಾಯ್ತು! ನಾಲ್ಕಾರು ಕಡೆ ದುಡಿದ ಮೇಲೆ 1909ರಲ್ಲಿ ಅಲ್ಸಾಸ್‌ನ ಮೊಲ್ಸೈಮ್‌ನಲ್ಲಿ, ಬಣ್ಣ ಹಾಕುವ ಹಳೇ ಕಾರ್ಖಾನೆಯೊಂದರ ಕಟ್ಟಡದಲ್ಲಿ, ಸ್ವಂತ ಕಾರ್ಖಾನೆ ತೆರೆದ. ಆಗ ಆ ಊರು ಜರ್ಮನಿಯದು. ಮೊದಲ ಮಹಾಯುದ್ಧದ ನಂತರ ಫ್ರಾನ್ಸಿನದಾಯಿತು.

ಈಗ ಎಂಜಿನ್‌ಗೆ ಬರೋಣ. ಎರಡು ಲೋಹದ ಮುಖಗಳನ್ನು ಬೋಲ್ಟ್ ಹಾಕಿ ಬಿಗಿದರೆ ಕಣ್ಣಿಗೆ ಕಾಣದ ಏರುತಗ್ಗುಗಳ ಸಂದಿಯಲ್ಲಿ ಆಯಿಲ್ ನುಸುಳುತ್ತೆ. ಅದಕ್ಕೇ ನಡುವೆ ಗ್ಯಾಸ್ಕೆಟ್, ಗ್ಯಾರೇಜಿನ ಮಾತಲ್ಲಿ ಪ್ಯಾಕಿಂಗ್. ಕಾಗದದ್ದೋ ಕಾರ್ಕಿನದೋ ಆದರೆ ಬಿಸಿಗೆ ಗಟ್ಟಿಯಾಗಿ, ಕುಗ್ಗಿ, ಕೆಲವು ವರ್ಷಕ್ಕೆ ಲೀಕ್ ಶುರು. ಬುಗಾಟಿಗೆ ಈ ಉಪಾಯ ಹಿಡಿಸಲಿಲ್ಲ. ಮುಖಗಳನ್ನೇ ಸಪಾಟು ಮಾಡಿದರೆ ಪ್ಯಾಕಿಂಗ್ ಯಾಕೆ ಬೇಕು ಅನ್ನೋದು ಆತನ ದಾರಿ. ಮೊಲ್ಸೈಮ್‌ನ ಫಿಟ್ಟರ್‌ಗಳು ಅದನ್ನು ಕೈಯಲ್ಲೇ ಮಾಡ್ತಿದ್ದರು. ಈ ಕೆಲಸದ ಕ್ರಮ ಹೀಗೆ: ಸರ್ಫೇಸ್ ಪ್ಲೇಟಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಭಾಗವನ್ನು ಅದರ ಮೇಲೆ ಆಡಿಸೋದು. ನೀಲಿ ಹತ್ತಿದ್ದು ಉಬ್ಬು. ಅಷ್ಟನ್ನೇ ಸ್ಕ್ರೇಪರ್‌ನಿಂದ ಹೆರೆಯೋದು. ಮತ್ತೆ ನೀಲಿ, ಮತ್ತೆ ಹೆರೆತ. ಮೊದಲ ವರ್ಷದ ಫಿಟ್ಟಿಂಗ್ ಲ್ಯಾಬ್‌ನಲ್ಲಿ ಒಂದು ಚೌಕ ಉಜ್ಜೋಕೆ ನಾವು ಪಟ್ಟ ಪಾಡು ನೆನಪಿದ್ದರೆ ಇದರ ತೂಕ ಗೊತ್ತಾಗುತ್ತೆ.

1924ರಲ್ಲಿ ಲಿಯಾನ್ ಗ್ರಾಂ ಪ್ರೀಯಲ್ಲಿ ಮೊದಲು ಇಳಿದ ಟೈಪ್ 35 ಇಂಥ ಕಾರು. ಎಂಟು ಸಿಲಿಂಡರ್, ಎರಡು ಲೀಟರ್. ಅವತ್ತು ಟೈರ್ ಕೈಕೊಟ್ಟವು. ಆದರೆ 1925ರಿಂದ 1929ರವರೆಗೆ ಸಿಸಿಲಿಯ ಟಾರ್ಗಾ ಫ್ಲೋರಿಯೋ ಐದೂ ವರ್ಷ ಬುಗಾಟಿಯದೇ. ಇದರಲ್ಲಿ ಸಿಲಿಂಡರ್ ಬ್ಲಾಕ್ ಮತ್ತು ಹೆಡ್ ಒಂದೇ ಎರಕ, ಹಾಗಾಗಿ ಹೆಡ್ ಗ್ಯಾಸ್ಕೆಟ್ ಹೋಗೋ ಪ್ರಶ್ನೆಯೇ ಇಲ್ಲ. ಆದರೆ ವಾಲ್ವ್ ಗ್ರೈಂಡ್ ಮಾಡಬೇಕಾದರೆ ಇಡೀ ಬ್ಲಾಕ್ ಬಿಚ್ಚಬೇಕು. ಇಲ್ಲಿ ಮಾತ್ರ ಆತ ಮೆಕ್ಯಾನಿಕ್‌ನ ಕಷ್ಟ ಯೋಚಿಸಲಿಲ್ಲ ಅಂತ ನಮಗನ್ನಿಸುತ್ತೆ.

ಇಂಥ ಹಳೇ ಕಾರು ಇವತ್ತು ಲೀಕ್ ಆದರೆ? ತೊಟ್ಟಿಕ್ಕುವ ಜಾಗ ಲೀಕಿನ ಜಾಗ ಅಲ್ಲ. ಆಯಿಲ್ ಕೆಳಗೆ ಹರಿಯುತ್ತೆ, ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತೆ. ಎಂಜಿನ್ ಪೂರ್ತಿ ತೊಳೆದು ಒರೆಸಿ, ಸ್ವಲ್ಪ ಓಡಿಸಿ, ಮೊದಲ ಒದ್ದೆ ಎಲ್ಲಿ ಅಂತ ನೋಡಬೇಕು. ಬ್ರೀದರ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಒಳ್ಳೇ ಜಾಯಿಂಟೂ ಜಿನುಗುತ್ತೆ, ಮೊದಲು ಅದನ್ನ ನೋಡಿ. ಬೋಲ್ಟ್ ಇನ್ನಷ್ಟು ಬಿಗಿದರೆ ಅಲ್ಯುಮಿನಿಯಂನ ಥ್ರೆಡ್ ಕಿತ್ತು ಬರುತ್ತೆ. ಕವರ್ ಬರ್ತಿಲ್ಲ ಅಂತ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮುಗೀತು, ಆ ಗೀರೇ ಆಯಿಲ್‌ಗೆ ಕಾಲುವೆ. ಅದರ ಮೇಲೆ ಟ್ಯೂಬಿನ ಸೀಲಂಟ್ ಧಾರಾಳ ಮೆತ್ತಿದರೆ ಒಳಗೆ ಉಬ್ಬಿದ ಚೂರು ಕಳಚಿ ಆಯಿಲ್ ದಾರಿಗೆ ಅಡ್ಡ ಕೂರಬಹುದು. ಕೆಟ್ಟ ಮುಖವನ್ನು ಸರಿಮಾಡೋಕೆ ಮತ್ತೆ ಅದೇ ನೀಲಿ, ಅದೇ ಸ್ಕ್ರೇಪರ್, ಅದನ್ನು ಹಿಡಿಯಬಲ್ಲ ಕೈ ಬೇಕು.

ಬುಗಾಟಿಯ ಬಲವೂ ಆ ಕೈಗಳೇ, ಇಕ್ಕಟ್ಟೂ ಅವೇ. ರಾಜರಿಗೆಂದು ಮಾಡಿದ 12.7 ಲೀಟರಿನ ರೊಯಾಲ್ ಆರ್ಥಿಕ ಕುಸಿತದ ಕಾಲಕ್ಕೆ ಸಿಕ್ಕಿ ಬೆರಳೆಣಿಕೆಯಷ್ಟೇ ತಯಾರಾಯ್ತು. ಅದರ ಎಂಜಿನ್‌ಗಳನ್ನು ರೈಲು ಬಂಡಿಗೆ ಹಾಕಿ ಕಾರ್ಖಾನೆ ಉಳಿಸಿಕೊಂಡ. 1936ರಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಕಾರ್ಖಾನೆಯನ್ನು ಮನೆಯ ಹಾಗೆ ಭಾವಿಸಿದ್ದ ಯಜಮಾನ ನೊಂದು ಪ್ಯಾರಿಸ್‌ಗೆ ಹೋಗಿಬಿಟ್ಟ. ಕೂಲಿ ಕೇಳೋದು ದ್ರೋಹವೇನಲ್ಲ ಬಿಡಿ, ಆದರೆ ಆತನಿಗೆ ಹಾಗೆ ಕಾಣಲಿಲ್ಲ. ಮೊಲ್ಸೈಮ್ ಮಗ ಜಾನ್‌ನ ಕೈಗೆ ಬಂತು. 1939ರ ಆಗಸ್ಟ್ 11ರಂದು, ಆ ವರ್ಷ ಲೆ ಮಾನ್ಸ್ ಗೆದ್ದ ಮಾದರಿಯ ಕಾರನ್ನು ಪರೀಕ್ಷೆಗೆ ಓಡಿಸುತ್ತಿದ್ದ ಜಾನ್, ಅಡ್ಡ ಬಂದ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ ಮರಕ್ಕೆ ಗುದ್ದಿ ಸತ್ತ. ಮೂವತ್ತು ವರ್ಷ ಅಷ್ಟೇ.

ಮುಂದಿನ ತಿಂಗಳೇ ಯುದ್ಧ. ಕಾರ್ಖಾನೆ ಜರ್ಮನ್ನರ ಪಾಲಾಯ್ತು, ಯುದ್ಧ ಮುಗಿದ ಮೇಲೆ ಫ್ರೆಂಚ್ ಸರ್ಕಾರ ವಶಕ್ಕೆ ತಗೊಂಡಿತು. ಕೋರ್ಟಿಗೆ ಅಲೆದು 1947ರಲ್ಲಿ ಅದು ಮತ್ತೆ ತನ್ನದಾಗುವ ಹೊತ್ತಿಗೆ ಬುಗಾಟಿ ಹಾಸಿಗೆ ಹಿಡಿದಿದ್ದ. ಅದೇ ವರ್ಷ ಆಗಸ್ಟ್ 21ರಂದು ತೀರಿಕೊಂಡ. ಮೊಲ್ಸೈಮ್ ಪಕ್ಕದ ಡೋರ್ಲಿಶೈಮ್‌ನಲ್ಲಿ, ಜಾನ್‌ನನ್ನು ಹೂಳಿದ್ದ ಸ್ಮಶಾನದಲ್ಲೇ ಅಪ್ಪನನ್ನೂ ಮಣ್ಣು ಮಾಡಿದರು.