ಮೂವತ್ತು ಸಹಿ, ಮೂವರು ವೈದ್ಯರು: ವ್ಯಾನ್ ಗೋ ಬದುಕಿನ ಕೊನೆಯ ಅಧ್ಯಾಯ

1889ರ ಫೆಬ್ರವರಿ ತಿಂಗಳ ಕೊನೆ. ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದ ಮೇಯರ್ ಕೈಗೆ ಮನವಿಯೊಂದು ತಲುಪಿತು. ಲಾಮಾರ್ಟೀನ್ ಚೌಕದ ಹಳದಿ ಮನೆಯಲ್ಲಿರುವ ಡಚ್ ಚಿತ್ರಕಾರನ ಬುದ್ಧಿ ಸ್ವಾಧೀನದಲ್ಲಿಲ್ಲ, ಆತನನ್ನು ಕಂಡರೆ ಹೆಂಗಸರು ಮಕ್ಕಳಿಗೆ ಭಯ, ಬಂಧುಗಳ ವಶಕ್ಕೆ ಒಪ್ಪಿಸಿ ಇಲ್ಲವೇ ಹುಚ್ಚಾಸ್ಪತ್ರೆಗೆ ಸೇರಿಸಿ ಎಂಬುದು ಅದರ ಸಾರಾಂಶ. ಕೆಳಗೆ ನೆರೆಹೊರೆಯ ಸುಮಾರು 30 ಮಂದಿಯ ಸಹಿಗಳಿದ್ದವು. ಪೊಲೀಸರು ಮನೆಗೆ ಬೀಗ ಜಡಿದರು. ಚಿತ್ರಕಾರನನ್ನು ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಕೂಡಿಹಾಕಲಾಯಿತು. ಪುಸ್ತಕ, ಬಣ್ಣ, ಕೊನೆಗೆ ಆತನ ಚುಟ್ಟಾ ಪೈಪು ಕೂಡ ಕೈತಪ್ಪಿತು.

ಆ ಚಿತ್ರಕಾರನೇ ವಿನ್ಸೆಂಟ್ ವ್ಯಾನ್ ಗೋ.

ವಿನ್ಸೆಂಟ್ ಹುಟ್ಟಿದ್ದು 1853ರ ಮಾರ್ಚ್ 30ರಂದು, ನೆದರ್ಲೆಂಡ್ಸಿನ ಜುಂಡೆರ್ಟ್ ಗ್ರಾಮದಲ್ಲಿ. ತಂದೆ ಪ್ರಾಟೆಸ್ಟೆಂಟ್ ಪಾದ್ರಿ. ಕಲಾಕೃತಿ ಮಾರಾಟ ಸಂಸ್ಥೆಯ ನೌಕರಿ, ಶಾಲಾ ಉಪಾಧ್ಯಾಯ ವೃತ್ತಿ, ಬೆಲ್ಜಿಯಂನ ಕಲ್ಲಿದ್ದಲು ಗಣಿ ಕಾರ್ಮಿಕರ ನಡುವೆ ಧರ್ಮಪ್ರಚಾರ ಹೀಗೆ ಎಲ್ಲವನ್ನೂ ಮಾಡಿ, ಯಾವುದರಲ್ಲೂ ನೆಲೆ ನಿಲ್ಲದೆ, 1880ರಲ್ಲಿ ಕುಂಚ ಹಿಡಿದ. ಮಗನ ವಿಚಿತ್ರ ನಡವಳಿಕೆಗೆ ಬೇಸತ್ತ ತಂದೆ, ಅದೇ ವರ್ಷ ಆತನನ್ನು ಮನೋರೋಗಿಗಳ ಊರೆಂದೇ ಹೆಸರಾಗಿದ್ದ ಗೀಲ್‌ಗೆ ಸೇರಿಸಲು ಯೋಚಿಸಿದ್ದುಂಟು. ಅಲ್ಲಿಂದ ಮುಂದೆ ಆತನ ಅನ್ನ, ಬಣ್ಣ ಎರಡರ ಹೊಣೆಯೂ ತಮ್ಮ ಥಿಯೋನದಾಯಿತು.

1888ರ ಫೆಬ್ರವರಿಯಲ್ಲಿ ವಿನ್ಸೆಂಟ್ ಆರ್ಲ್‌ಗೆ ಬಂದ. ಕಲಾವಿದರ ಬಳಗವೊಂದನ್ನು ಕಟ್ಟುವುದು ಆತನ ಕನಸಾಗಿತ್ತು. ಅಕ್ಟೋಬರ್‌ನಲ್ಲಿ ಚಿತ್ರಕಾರ ಪಾಲ್ ಗೋಗ್ಯಾಂ ಬಂದು ಜೊತೆಗೂಡಿದ. ಎರಡೇ ತಿಂಗಳಲ್ಲಿ ವಿರಸ ಬೆಳೆಯಿತು. ಡಿಸೆಂಬರ್ 23ರ ರಾತ್ರಿ ಮತಿವಿಕಲ್ಪಕ್ಕೆ ಒಳಗಾದ ವಿನ್ಸೆಂಟ್ ತನ್ನ ಕಿವಿಯನ್ನು ತಾನೇ ಕತ್ತರಿಸಿಕೊಂಡ.

ಆಸ್ಪತ್ರೆಯಲ್ಲಿ ಆತನಿಗೆ ದೊರೆತವನು ಡಾ. ಫೆಲಿಕ್ಸ್ ರೇ. ಆಗಿನ್ನೂ 23ರ ಹರೆಯದ ಕಿರಿಯ ವೈದ್ಯ. ಗಾಯಕ್ಕೆ ಶುಶ್ರೂಷೆ ಮಾಡಿದ್ದಲ್ಲದೆ, ಇದು ಅಪಸ್ಮಾರದ ಒಂದು ಬಗೆ ಇರಬಹುದೆಂದು ಭಾವಿಸಿ ಬ್ರೋಮೈಡ್ ಕೊಟ್ಟ. ಅದಕ್ಕಿಂತ ಮುಖ್ಯವಾಗಿ, ರೋಗಿಯೊಡನೆ ಸ್ನೇಹಿತನಂತೆ ಕುಳಿತು ಮಾತನಾಡಿದ. ಮನೆಗೆ ಮರಳಿದ ವಿನ್ಸೆಂಟ್ ಕೃತಜ್ಞತೆಯಿಂದ ಆತನ ಭಾವಚಿತ್ರ ಬರೆದುಕೊಟ್ಟ. ರೇ ಮನೆಯವರಿಗೆ ಅದು ಹಿಡಿಸಲಿಲ್ಲ. ಕೋಳಿಗೂಡಿನ ಕಿಂಡಿ ಮುಚ್ಚಲು ಅದನ್ನು ಬಳಸಿದ್ದರೆಂಬ ಕಥೆಯಿದೆ. ಇಂದು ಅದು ಮಾಸ್ಕೋದ ಪುಷ್ಕಿನ್ ಸಂಗ್ರಹಾಲಯದಲ್ಲಿದೆ.

ಫೆಬ್ರವರಿಯಲ್ಲಿ ಕಾಯಿಲೆ ಮತ್ತೆ ಮರುಕಳಿಸಿತು. ಯಾರೋ ತನಗೆ ವಿಷವಿಕ್ಕುತ್ತಿದ್ದಾರೆಂಬ ಭ್ರಮೆ ಹತ್ತಿತು. ಆ ಮನವಿ ಹುಟ್ಟಿದ್ದು ಆಗಲೇ. ಒಬ್ಬ ದುರ್ಬಲನ ವಿರುದ್ಧ ಇಷ್ಟೊಂದು ಜನ ಒಂದಾದದ್ದು ಕಾಯಿಲೆಗಿಂತ ಹೆಚ್ಚಾಗಿ ಆತನನ್ನು ಘಾಸಿಗೊಳಿಸಿತೆಂಬುದು ತಮ್ಮನಿಗೆ ಬರೆದ ಪತ್ರಗಳಿಂದ ತಿಳಿಯುತ್ತದೆ. ರೇ, ಪಾದ್ರಿ ಸಾಲ್, ಪ್ಯಾರಿಸ್ಸಿನಿಂದ ಬಂದ ಚಿತ್ರಕಾರ ಸಿನ್ಯಾಕ್ ಮುಂತಾದವರು ಕೈಬಿಡಲಿಲ್ಲ. ಆದರೆ ಹಳದಿ ಮನೆಯ ಬಾಳು ಅಲ್ಲಿಗೆ ಮುಗಿದಿತ್ತು.

ಮೇ 8ರಂದು ವಿನ್ಸೆಂಟ್ ಸ್ವ‌ಇಚ್ಛೆಯಿಂದ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯ ಸೇರಿದ. ಅಲ್ಲಿನ ಮುಖ್ಯಸ್ಥ ಡಾ. ಪೇರೋಂ ಹಿಂದೆ ನೌಕಾದಳದ ವೈದ್ಯ. ರೋಗಿಗೆ ಕಣ್ಣಿಗೂ ಕಿವಿಗೂ ಭ್ರಮೆಗಳಿದ್ದವೆಂದು ಆತ ದಾಖಲಿಸಿದ. ಅಂದಿನ ವೈದ್ಯಶಾಸ್ತ್ರದ ಬಳಿ ಇದ್ದುದು ವಾರಕ್ಕೆರಡು ಬಾರಿಯ ದೀರ್ಘ ಸ್ನಾನ ಮಾತ್ರ. ಆದರೂ ಪೇರೋಂ ಎರಡು ಉಪಕಾರ ಮಾಡಿದ. ಖಾಲಿಯಿದ್ದ ಕೋಣೆಯೊಂದನ್ನು ಚಿತ್ರಶಾಲೆಯಾಗಿ ಬಿಟ್ಟುಕೊಟ್ಟ. ಸಹಾಯಕನೊಡನೆ ಹೊರಗೆ ಹೋಗಿ ಚಿತ್ರ ಬರೆಯಲು ಅನುಮತಿಯಿತ್ತ. ಇತರ ರೋಗಿಗಳಿಗೂ ತನ್ನಂತೆಯೇ ದನಿಗಳು ಕೇಳಿಸುತ್ತವೆಂದು ತಿಳಿದಾಗ ವಿನ್ಸೆಂಟ್‌ನ ಭಯ ಅರ್ಧ ಇಳಿಯಿತು. ಜೂನ್ ತಿಂಗಳಲ್ಲಿ ತಾರೆಗಳ ರಾತ್ರಿಯ ಪ್ರಖ್ಯಾತ ಚಿತ್ರ ಮೂಡಿತು.

ಬೇಸಿಗೆಯ ಆಘಾತವೊಂದರಲ್ಲಿ ಆತ ಬಣ್ಣವನ್ನೇ ತಿಂದಾಗ ಪೇರೋಂ ಬಣ್ಣಗಳನ್ನು ದೂರವಿಟ್ಟ. ಕೆಲಸವೇ ತನಗೆ ಮದ್ದೆಂದು ರೋಗಿ ಬೇಡಿಕೊಂಡ ಮೇಲೆ ಮತ್ತೆ ಒಪ್ಪಿದ. ಹುಚ್ಚೇ ಆತನ ಪ್ರತಿಭೆಯ ಮೂಲ ಎನ್ನುವವರು ಇದನ್ನು ಗಮನಿಸಬೇಕು. ಆ ಒಂದು ವರ್ಷದಲ್ಲಿ ಹೊಮ್ಮಿದ ಸುಮಾರು 150 ಚಿತ್ರಗಳಲ್ಲಿ ಬಹುಪಾಲು, ಕಾಯಿಲೆ ಬಿಡುವು ಕೊಟ್ಟ ದಿನಗಳಲ್ಲಿ, ಸ್ಪಷ್ಟ ಮನಸ್ಸಿನಿಂದ ಬರೆದವು. ಕಾಯಿಲೆ ಆತನಿಂದ ದಿನಗಳನ್ನು ಕಿತ್ತುಕೊಂಡಿತೇ ಹೊರತು ಚಿತ್ರಗಳನ್ನು ಕೊಡಲಿಲ್ಲ.

1890ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಸಮೀಪದ ಓವೇರ್ ಗ್ರಾಮಕ್ಕೆ ಆತನ ಪಯಣ. ಅಲ್ಲಿ ಡಾ. ಪಾಲ್ ಗಾಶೆ ಇದ್ದ. ಸ್ವತಃ ಹವ್ಯಾಸಿ ಚಿತ್ರಕಾರ. ವಿಷಣ್ಣತೆಯ ಬಗ್ಗೆ ಪ್ರಬಂಧ ಬರೆದವನು. ಕಾಯಿಲೆಯ ಚಿಂತೆ ಬಿಟ್ಟು ಚಿತ್ರ ಬರೆಯಲು ಆತ ಪ್ರೋತ್ಸಾಹಿಸಿದ. 70 ದಿನಗಳಲ್ಲಿ ಅಷ್ಟೇ ಸಂಖ್ಯೆಯ ಚಿತ್ರಗಳು ಬಂದವು. ಆದರೂ ಕತ್ತಲು ಗೆದ್ದಿತು. ತಾನೇ ಮಾಡಿಕೊಂಡ ಗಾಯದಿಂದ ಜುಲೈ 29ರಂದು, 37ನೇ ವಯಸ್ಸಿನಲ್ಲಿ, ತಮ್ಮನ ಎದುರಲ್ಲೇ ಆತ ಕೊನೆಯುಸಿರೆಳೆದ. ಆತ್ಮಹತ್ಯೆಯೆಂಬ ಕಾರಣಕ್ಕೆ ಊರಿನ ಪಾದ್ರಿ ಶವವಾಹನ ಕೊಡಲೊಪ್ಪಲಿಲ್ಲ. ನೆರೆಯೂರಿನಿಂದ ಎರವಲು ತರಬೇಕಾಯಿತು. ಆರೇ ತಿಂಗಳಲ್ಲಿ ಥಿಯೋ ಕೂಡ ತೀರಿಕೊಂಡ. ಚಿತ್ರಗಳನ್ನು ಕಾಪಾಡಿ, 1914ರಲ್ಲಿ ಪತ್ರಗಳನ್ನು ಪ್ರಕಟಿಸಿದವಳು ಥಿಯೋನ ಪತ್ನಿ ಯೋಹಾನ್ನ.

ಕಾಯಿಲೆ ಯಾವುದಿತ್ತೆಂಬ ಚರ್ಚೆ ಇನ್ನೂ ನಿಂತಿಲ್ಲ. ಪತ್ರಗಳನ್ನು ಪರಿಶೀಲಿಸಿದ ಡಚ್ ಮನೋವೈದ್ಯರು 2020ರಲ್ಲಿ, ಮನಸ್ಥಿತಿಯ ಏರಿಳಿತದ ಕಾಯಿಲೆಗೆ ಮದ್ಯಪಾನ, ಅಪೌಷ್ಟಿಕತೆ, ನಿದ್ರಾಹೀನತೆಗಳು ಸೇರಿರಬಹುದೆಂದು ಅಭಿಪ್ರಾಯಪಟ್ಟರು. ಹೆಸರು ಏನೇ ಇರಲಿ, ಅಂದು ಅದಕ್ಕೆ ಮದ್ದು ಇರಲಿಲ್ಲ. ಇಂದು ಇದೆ. ರೇ, ಪೇರೋಂ, ಗಾಶೆ ಆತನನ್ನು ಗುಣಪಡಿಸಲಿಲ್ಲ, ನಿಜ. ಆದರೆ ರೋಗಿಯಲ್ಲಿ ಮನುಷ್ಯನನ್ನು ಕಂಡರು. ಆತನ ಕೈಗೆ ಕುಂಚ ಉಳಿಸಿಕೊಟ್ಟರು. ಮನವಿಗೆ ಸಹಿ ಹಾಕಿದ 30 ಮಂದಿಗೆ ಕಾಣದೆ ಹೋದದ್ದು ಅದೇ. ನಮ್ಮ ನೆರೆಮನೆಯ ಬಾಗಿಲಲ್ಲೂ ಅಂಥದ್ದೊಂದು ಕಾಗದ ಸಹಿಗೆ ಬರಬಹುದು. ಆಗ ಕೈ ಎತ್ತ ಚಾಚಬೇಕೆಂಬುದು ನಮ್ಮ ಮುಂದಿರುವ ಪ್ರಶ್ನೆ.